ಹೋಲಿಕೆ ನೀರು

ಸಂಶೋಧನಾ ದಿನಕ್ಕೆ ಇನ್ನು ಒಂದೇ ಹಗಲು ಬಾಕಿ. ವಿಶ್ವವಿದ್ಯಾಲಯದ ದೊಡ್ಡ ಸಭಾಂಗಣದ ನೆಲದ ಮೇಲೆ ನೂರಾ ಹನ್ನೆರಡು ಪೋಸ್ಟರುಗಳು ಸುರುಳಿ ಸುತ್ತಿಕೊಂಡು ಬಿದ್ದಿದ್ದವು. ಒಂದೊಂದನ್ನೂ ಬಿಡಿಸಿ ಸ್ಟ್ಯಾಂಡಿಗೆ ಪಿನ್ನು ಹೊಡೆಯುವ ಕೆಲಸ ಬಾಟ್ಲಣ್ಣನದು. ಅವನು ರಸಾಯನಶಾಸ್ತ್ರ ವಿಭಾಗದ ಲ್ಯಾಬ್ ಅಸಿಸ್ಟೆಂಟು. ಪೋಸ್ಟರಿಗೂ ಅವನಿಗೂ ಎತ್ತಣಿಂದೆತ್ತಣ ಸಂಬಂಧ. ಆದರೆ ಬೇರೆ ಯಾರೂ ಬೇಡವೆಂದ ಕೆಲಸ ಎಲ್ಲ ವಿಭಾಗಗಳನ್ನೂ ಸುತ್ತಿ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಅವನ ಬಾಗಿಲಲ್ಲಿಯೇ.

ಪಿನ್ನು ಹೊಡೆಯುವವರು ಪೋಸ್ಟರು ಓದುವುದಿಲ್ಲ. ಬಾಟ್ಲಣ್ಣ ಓದುತ್ತಿದ್ದ. ಮೂರು ವರ್ಷದ ಹಿಂದೆ ಖಗೋಳದವರ ನಕ್ಷತ್ರಗಳ ಚಿತ್ರವೊಂದನ್ನು ತಲೆಕೆಳಗಾಗಿ ಹೊಡೆದುಬಿಟ್ಟಿದ್ದ. ಎರಡು ದಿನ ಅದು ಹಾಗೇ ಇತ್ತು. ಖಗೋಳದವರೇ ಅದರ ಮುಂದೆ ನಿಂತು ಬಂದವರಿಗೆಲ್ಲ ಕೋಲು ಹಿಡಿದು ತೋರಿಸಿದರು, ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ. ಕೊನೆಗೆ ಬಿಚ್ಚುವಾಗ ಹಿಂಬದಿಯ ಬಾಣದ ಗುರುತು ನೋಡಿ ಇವನ ಎದೆ ಧಸಕ್ಕೆಂದಿತ್ತು. ಅಂದಿನಿಂದ ತಲೆ ಯಾವುದು ಬಾಲ ಯಾವುದು ಎಂದು ಪ್ರತಿಯೊಂದನ್ನೂ ಓದಿಯೇ ಹೊಡೆಯುವುದು.

ಓದಿದರೆ ಒಳ್ಳೆಯ ಮಜಾ ಬೇರೆ. ಕಾಗೆಗೆ ಎಷ್ಟು ಮನುಷ್ಯರ ಮುಖ ನೆನಪಿರುತ್ತದೆ ಎಂದು ಒಬ್ಬರು ನಾಲ್ಕು ವರ್ಷ ಕೂತು ನೋಡಿದ್ದರು. ಲಿಫ್ಟಿನೊಳಗೆ ಜನ ಒಬ್ಬರ ಮುಖ ಒಬ್ಬರು ಯಾಕೆ ನೋಡುವುದಿಲ್ಲ ಎಂದು ಇನ್ನೊಬ್ಬರು. ಸಿಮೆಂಟಿನ ಬಿರುಕು ಚಳಿಗೆ ಬೆಳೆಯುತ್ತದೋ ಬಿಸಿಲಿಗೋ, ಕೌಂಟರಿನ ಮುಂದೆ ಪಕ್ಕದ ಸಾಲೇ ಯಾಕೆ ಬೇಗ ಸಾಗುತ್ತದೆ, ಮುದುಕರ ಕಿವಿಗೆ ಯಾವ ಅಕ್ಷರ ಮೊದಲು ಕೇಳದಾಗುತ್ತದೆ, ಹೀಗೆ ಒಂದೇ ಎರಡೇ. "ಹೊಟ್ಟೆ ತುಂಬಿದವರಿಗೆ ಎಷ್ಟೊಂದು ಕೆಲಸ ನೋಡು," ಎಂದು ತನ್ನಷ್ಟಕ್ಕೆ ನಗುತ್ತಿದ್ದ. ಮೇಲೆ ಹಾಗೆ ನಕ್ಕರೂ ಒಳಗೆ ಹೆಮ್ಮೆ. ಈ ಜಾಣರ ಸಂತೆಯಲ್ಲಿ ತನ್ನದೂ ಒಂದು ಬಾಟಲಿ ಇದೆಯಲ್ಲ ಎಂಬ ಹೆಮ್ಮೆ.

ಆ ಬಾಟಲಿಯ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಊರಿನ ತಗ್ಗಿನಲ್ಲಿ ಬಣ್ಣದ ಕಾರ್ಖಾನೆಯೊಂದಿದೆ. ಅದರ ಕೊಳೆ ನೆಲದೊಳಗಿನ ನೀರಿಗೆ ಇಳಿಯುತ್ತಿದೆಯೇ ಎಂದು ರಸಾಯನಶಾಸ್ತ್ರದವರು ಹದಿನೆಂಟು ವರ್ಷದಿಂದ ಅಳೆಯುತ್ತಿದ್ದಾರೆ. ಕೊಳೆ ಎಷ್ಟು ಎಂದು ಹೇಳಬೇಕಾದರೆ ಕೊಳೆ ತಾಗದ ನೀರು ಹೇಗಿರುತ್ತದೆ ಎಂದು ಮೊದಲು ಗೊತ್ತಿರಬೇಕು. ಪಕ್ಕದಲ್ಲಿಟ್ಟು ಹೋಲಿಸಿ ನೋಡುವ ಆ ನೀರಿಗೆ ಲ್ಯಾಬಿನಲ್ಲಿ ಹೋಲಿಕೆ ನೀರು ಎನ್ನುತ್ತಾರೆ. ಶುರುವಿನ ವರ್ಷ ಅದನ್ನು ಎಲ್ಲಿಂದ ತರುವುದು ಎಂದು ದೊಡ್ಡವರು ತಲೆ ಕೆರೆದುಕೊಳ್ಳುತ್ತಿದ್ದಾಗ ಬಾಗಿಲ ಬಳಿ ನಿಂತಿದ್ದ ಇವನು, "ಸರ್, ನಮ್ಮನೆ ಕಾರ್ಖಾನೆಯಿಂದ ತುಂಬ ಮೇಲ್ಗಡೆ ಇದೆ. ಅಂಗಳದಲ್ಲೇ ಬೋರ್ ಇದೆ, ಕೈಪಂಪು," ಎಂದಿದ್ದ. ಪರೀಕ್ಷೆ ಮಾಡಿದರು. ಕ್ರೋಮಿಯಂ ಇಲ್ಲ, ಸೀಸ ಇಲ್ಲ, ಕ್ಯಾಡ್ಮಿಯಂ ಇಲ್ಲ. ಕಾರ್ಖಾನೆ ಬಿಡುವ ವಿಷ ಯಾವುದನ್ನು ಹುಡುಕಿದರೂ ಸೊನ್ನೆ. ಅಂದಿನಿಂದ ತಿಂಗಳ ಮೊದಲ ಸೋಮವಾರ ಎರಡು ಲೀಟರಿನ ಬಾಟಲಿ ಹಿಡಿದುಕೊಂಡು ಬರುವುದು ಇವನ ಪಾಲಿಗೆ ಬಂತು, ಬಾಟ್ಲಣ್ಣ ಎಂಬ ಹೆಸರೂ ಬಂತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು. ಬರುಬರುತ್ತಾ ಬೀಜ ಮೊಳೆಸುವವರು, ಮೀನುಮರಿ ಸಾಕುವವರು ಕೂಡ "ಬಾಟ್ಲಣ್ಣ, ಒಂದು ಲೀಟರ್ ನಿಮ್ಮ ನೀರು ಕೊಡಿ" ಎಂದು ಬರತೊಡಗಿದರು.

ಮನುಷ್ಯನ ತಲೆ ತಿರುಗಲು ಇಷ್ಟು ಸಾಲದೇ? ಅಂಗಳದ ಗೇಟಿಗೆ ತಾನೇ ಒಂದು ಬೋರ್ಡು ಬರೆದು ನೇತುಹಾಕಿದ: 'ಶುದ್ಧ ಕುಡಿಯುವ ನೀರು. ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಲಾಗಿದೆ. ಯಾರು ಬೇಕಾದರೂ ಹಿಡಿದುಕೊಂಡು ಹೋಗಬಹುದು. ಕುದಿಸಿ ಕುಡಿಯಿರಿ.' ಹತ್ತು ವರ್ಷದ ಕೆಳಗೆ ಬೀದಿಗೆ ನಲ್ಲಿ ಬಂತು. ನಲ್ಲಿಯ ನೀರು ಒಂದಿಷ್ಟು ಮಸುಕು. ಬೀದಿಯವರು ಅದನ್ನು ಬಟ್ಟೆಗೆ, ಪಾತ್ರೆಗೆ ಇಟ್ಟುಕೊಂಡು ಕುಡಿಯಲು ಕ್ಯಾನು ಹಿಡಿದು ಇವನ ಪಂಪಿಗೇ ಬಂದರು. "ರೀ, ನಮಗೂ ಒಂದು ನಲ್ಲಿ ಹಾಕಿಸ್ಕೊಳ್ಳೋಣ, ಪಂಪು ಹೊಡೆದು ಹೊಡೆದು ರಟ್ಟೆ ಬಿದ್ದುಹೋಗತ್ತೆ," ಎಂದು ಹೆಂಡತಿ ಅಂದಾಗ ಇವನು ನಕ್ಕುಬಿಟ್ಟಿದ್ದ. "ಕೈಯಲ್ಲಿ ಬೆಣ್ಣೆ ಇಟ್ಕೊಂಡು ಯಾರಾದ್ರೂ ತುಪ್ಪಕ್ಕೆ ಅಲೀತಾರೇನೇ?" ಎಂದಿದ್ದ. ಅವಳು ಮತ್ತೆ ಕೇಳಲಿಲ್ಲ.

ಆ ಹಗಲು ಅರ್ಧ ಪೋಸ್ಟರು ಮುಗಿಯುವ ಹೊತ್ತಿಗೆ ಕಿಟಕಿ ಕಡೆಯ ಗೋಡೆಯಲ್ಲಿ ಪೈಪು ಜಿನುಗಿ ನೆಲ ಒದ್ದೆಯಾಗಿರುವುದು ಕಂಡಿತು. ಅಲ್ಲಿದ್ದ ಎರಡು ಪೋಸ್ಟರುಗಳಿಗೆ ಬೇರೆ ಜಾಗ ನೋಡಬೇಕು. ಒಂದು ಹಲ್ಲಿನ ವಿಭಾಗದ್ದು, ಇನ್ನೊಂದು ಸಮಾಜಶಾಸ್ತ್ರದ್ದು. ಬಾಗಿಲ ಪಕ್ಕದಲ್ಲಿ ತಮ್ಮ ವಿಭಾಗದ ಪೋಸ್ಟರಿನ ಆಚೀಚೆ ಜಾಗವಿತ್ತು. ಆ ಕಡೆ ಒಂದು, ಈ ಕಡೆ ಒಂದು ಸ್ಟ್ಯಾಂಡು ಎಳೆದು ತಂದು ನಿಲ್ಲಿಸಿದ. ವಿಭಾಗ ಬೇರೆ, ಸಾಲು ಬೇರೆ. ಹಾಗೆಲ್ಲ ಪಕ್ಕಪಕ್ಕ ಹಾಕುವ ಪದ್ಧತಿಯೇ ಇಲ್ಲ. ಹೇಗಿದ್ದರೂ ಈ ಜನ ಎತ್ತು ಏರಿಗೆ, ಕೋಣ ನೀರಿಗೆ. ಯಾರು ಕೇಳುತ್ತಾರೆ ಎಂದುಕೊಂಡ.

ಹಲ್ಲಿನ ಪೋಸ್ಟರಿನಲ್ಲಿ ಒಂದು ನಕ್ಷೆಯಿತ್ತು. ಬೀದಿಯ ಹೆಸರಿರಲಿಲ್ಲ, 'ಬಡಾವಣೆ ೩' ಎಂದಷ್ಟೇ ಬರೆದಿದ್ದರು. ರೈಲುಹಳಿಯ ಬಾಗು, ಬಾಗಿನ ಒಳಗೆ ಉದ್ದನೆಯ ಗೋದಾಮು, ಗೋದಾಮಿನ ಹಿಂದೆ ಕವೆಯಂತೆ ಒಡೆದ ಎರಡು ಓಣಿ. ಬಾಟ್ಲಣ್ಣನ ಕೈಯಲ್ಲಿದ್ದ ಪಿನ್ನು ಅಲ್ಲೇ ನಿಂತಿತು. ಅದೇ ಬಾಗು, ಅದೇ ಗೋದಾಮು, ಅದೇ ಕವೆ ಪಕ್ಕದ ರಸಾಯನಶಾಸ್ತ್ರದ ಪೋಸ್ಟರಿನಲ್ಲೂ ಇತ್ತು. ಆ ನಕ್ಷೆಯನ್ನು ಹದಿನೆಂಟು ವರ್ಷದ ಹಿಂದೆ ಟೇಪು ಹಿಡಿದು ಅಳೆದು ಬರೆದವನು ಇವನೇ. ಅದರಲ್ಲಿ ಕವೆ ಒಡೆಯುವ ಜಾಗದಲ್ಲಿ ಒಂದು ನೀಲಿ ಚುಕ್ಕೆ, ಪಕ್ಕದಲ್ಲಿ 'ಹೋಲಿಕೆ ಬೋರ್' ಎಂಬ ಬರಹ. ಹಲ್ಲಿನವರ ನಕ್ಷೆಯಲ್ಲಿ ನೀಲಿ ಚುಕ್ಕೆ ಇರಲಿಲ್ಲ. ಅದೇ ಜಾಗದ ಸುತ್ತ ಇರುವೆ ಮುತ್ತಿದಂತೆ ಕಂದು ಚುಕ್ಕೆಗಳಿದ್ದವು, ದೂರ ಹೋದಂತೆ ತೆಳುವಾಗಿದ್ದವು.

ಕೆಳಗಿನ ಬರಹ ಓದಿದ. ಆರರಿಂದ ಹದಿನಾಲ್ಕು ವರ್ಷದೊಳಗಿನ ಎಪ್ಪತ್ತಮೂರು ಮಕ್ಕಳಲ್ಲಿ ಐವತ್ತೆಂಟು ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಇದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಬರುವ ಕಲೆಯನ್ನೇ ಇದು ಹೋಲುತ್ತದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ದೊಡ್ಡವರ ಮೂಳೆಯೂ ಬಿಗಿಯುತ್ತದೆ. ಆದರೆ ಬಡಾವಣೆಯ ಎಲ್ಲ ಮನೆಗೂ ನಲ್ಲಿ ಇದ್ದು, ನಲ್ಲಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಬರೀ 0.4 ಮಿಲಿಗ್ರಾಂ ಇದೆ. ಆದ್ದರಿಂದ ಕಾರಣ ತಿಳಿದುಬಂದಿಲ್ಲ.

ಎಲ್ಲ ಮನೆಗೂ ಎಲ್ಲಿ, ನಮ್ಮ ಮನೆಗಿಲ್ಲವಲ್ಲ, ಎಂದು ಅವನಿಗೆ ಮೊದಲು ಅನಿಸಿತು. ಆಮೇಲೆ ಫೋಟೋಗಳ ಮೇಲೆ ಕಣ್ಣು ಹೋಯಿತು. ಹನ್ನೆರಡು ಮಕ್ಕಳ ಬಾಯಿ. ಮುಖ ಇಲ್ಲ, ಕಣ್ಣಿಲ್ಲ, ತುಟಿ ಎತ್ತಿ ಹಿಡಿದ ಬಾಯಿ ಮಾತ್ರ. ಮೇಲಿನ ಸಾಲಿನ ಮೂರನೆಯದರಲ್ಲಿ ಮುಂದಿನ ಹಲ್ಲಿನ ಮೂಲೆ ಚೂರು ಹಾರಿತ್ತು. ಆ ಚೂರು ಹಾರಿದ್ದು ಇವನ ಮನೆಯ ಮೆಟ್ಟಿಲ ಮೇಲೆ. ಎರಡು ವರ್ಷದ ಹಿಂದೆ ಮೊಮ್ಮಗಳು ಬಿದ್ದಾಗ ಎತ್ತಿಕೊಂಡು ಓಡಿದವನು ಇವನೇ.

ಒಂಬತ್ತು ವರ್ಷದ ಹುಡುಗಿ. ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. "ಹಲ್ಲುಜ್ಜೋಕೆ ಸೋಮಾರಿತನ, ಅದಕ್ಕೇ ಹಿಂಗಾಗಿರೋದು," ಎಂದು ಲ್ಯಾಬಿನ ಗಡಿಯಾರ ಹಿಡಿದು ಎದುರಿಗೆ ನಿಂತು ದಿನಕ್ಕೆ ಮೂರು ಹೊತ್ತು ಉಜ್ಜಿಸಿದ್ದ. ಒಸಡಿನಲ್ಲಿ ರಕ್ತ ಬರುವ ತನಕ ಉಜ್ಜಿಸಿದ್ದ, ಅದೇ ನೀರಿನಲ್ಲಿ ಬಾಯಿ ಮುಕ್ಕಳಿಸಲು ಹಚ್ಚಿದ್ದ.

ಅಷ್ಟಕ್ಕೆ ನಿಲ್ಲಿಸಿ ಓಡಿಹೋಗಿದ್ದರೂ ಆಗುತ್ತಿತ್ತು. ಆದರೆ ಕಣ್ಣು ತಾನಾಗಿಯೇ ಈಚೆ ಕಡೆಯ ಸ್ಟ್ಯಾಂಡಿಗೆ ಹೊರಳಿತು. ಸಮಾಜಶಾಸ್ತ್ರದ ಆ ಪೋಸ್ಟರಿನ ತಲೆಬರಹ 'ನೀರು ಹೊರುವವರ ಬೆನ್ನು' ಎಂದಿತ್ತು. ಅದೂ ಬಡಾವಣೆ ಮೂರು. ಪ್ರಶ್ನೆಪತ್ರಿಕೆ ಹಿಡಿದು ಬೀದಿ ಸುತ್ತುತ್ತಿದ್ದ ಕನ್ನಡಕದ ಹುಡುಗಿಯೊಬ್ಬಳು ಇವನಿಗೆ ನೆನಪಿತ್ತು. ನಲವತ್ತು ಹೆಂಗಸರನ್ನು ಕೂರಿಸಿಕೊಂಡು ಮಾತಾಡಿಸಿದ್ದಳಂತೆ. ನಲವತ್ತರಲ್ಲಿ ಮೂವತ್ತೊಂದು ಜನರಿಗೆ ಬೆನ್ನು ಬಿಗಿತ, ಮಂಡಿ ನೋವು. ಇವರೆಲ್ಲ ಮನೆಯಲ್ಲಿ ನಲ್ಲಿ ಇದ್ದರೂ ಬೀದಿಯ ಒಂದು ಕೈಪಂಪಿನಿಂದ ದಿನಕ್ಕೆ ನಾಲ್ಕೈದು ಕ್ಯಾನು ಹೊತ್ತು ತರುತ್ತಾರೆ. ನೋವಿಗೆ ಹೊರೆಯೇ ಕಾರಣ ಎಂದು ಅವಳ ತೀರ್ಮಾನ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಮಾತು ಸೇರಿಸಿದ್ದಳು: ಒಂಬತ್ತನೆಯ ಮಹಿಳೆ ಇದಕ್ಕೆ ಹೊಂದುವುದಿಲ್ಲ. ಪಂಪು ಇರುವುದು ಅವರ ಅಂಗಳದಲ್ಲಿಯೇ, ಅವರು ಎಲ್ಲಿಂದಲೂ ನೀರು ಹೊರುವುದಿಲ್ಲ. ಆದರೂ ನಲವತ್ತು ಜನರಲ್ಲಿ ಅತಿ ಹೆಚ್ಚು ಬಿಗಿದುಹೋಗಿರುವ ಬೆನ್ನು ಅವರದೇ. ಇದಕ್ಕೆ ವಿವರಣೆ ಸಿಕ್ಕಿಲ್ಲ.

ಒಂಬತ್ತನೆಯ ಮಹಿಳೆ ಹೇಳಿದ್ದ ಮಾತನ್ನು ಚೌಕಟ್ಟಿನೊಳಗೆ ಅಚ್ಚು ಹಾಕಿದ್ದರು. "ನೀರಿನದೇನೂ ತೊಂದ್ರೆ ಇಲ್ಲಮ್ಮ. ನಮ್ಮ ಯಜಮಾನ್ರು ಯೂನಿವರ್ಸಿಟೀಲಿ ಟೆಸ್ಟ್ ಮಾಡಿಸಿದ್ದಾರೆ. ಅವರು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತಾರೆ." ನೀರು ಪರೀಕ್ಷೆಯಾಗಿರುವುದರಿಂದ ನೀರಿನ ಗುಣದ ಪ್ರಶ್ನೆಯನ್ನು ಆಮೇಲಿನವರಿಗೆ ಕೇಳಲಿಲ್ಲ ಎಂದು ಅದರ ಕೆಳಗೆ ಬರೆದಿತ್ತು.

ಪಿನ್ನಿನ ಡಬ್ಬಿ ಬಾಟ್ಲಣ್ಣನ ಕೈಯಿಂದ ಜಾರಿ ನೆಲದ ತುಂಬ ಚೆಲ್ಲಿತು. ಹೆಕ್ಕಲು ಕೂತವನು ಹೆಕ್ಕದೆ ಹಾಗೇ ಕೂತ. ಅವನ ಹೆಂಡತಿಯ ಕತ್ತು ಆರು ವರ್ಷದಿಂದ ತಿರುಗುವುದಿಲ್ಲ. ಯಾರಾದರೂ ಕರೆದರೆ ಬೀರು ಸರಿಸಿದಂತೆ ಇಡೀ ಮೈ ತಿರುಗಿಸುತ್ತಾಳೆ. ಬಿದ್ದದ್ದನ್ನು ಬಗ್ಗಿ ಎತ್ತಲಾರಳು. ಮೂರು ಡಾಕ್ಟರು, ಮೂರು ಚೀಲ ಮಾತ್ರೆ, ವಯಸ್ಸಾಯಿತು ಎಂಬ ಒಂದೇ ಮಾತು. ಅವಳಿಗೆ ಐವತ್ತಮೂರು. ಇವನಿಗೆ ಐವತ್ತೆಂಟು, ಇವನು ಇನ್ನೂ ಏಣಿ ಹತ್ತುತ್ತಾನೆ. "ನನ್ನ ನೋಡು, ಕಲ್ಲುಗುಂಡು," ಎಂದು ಎದೆ ತಟ್ಟಿಕೊಂಡು ಅವಳನ್ನು ರೇಗಿಸುತ್ತಿದ್ದ. ತನಗೇಕೆ ಏನೂ ಆಗಲಿಲ್ಲ ಎಂದು ಈಗ ಹೊಳೆಯಿತು. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಸಂಜೆ ಏಳು. ತಿಂಡಿ, ಊಟ, ನಾಲ್ಕು ಸಲ ಚಹಾ ಎಲ್ಲ ಕ್ಯಾಂಟೀನಿನದು, ಕ್ಯಾಂಪಸ್ಸಿನ ನೀರು. ಮನೆಯ ನೀರು ಅವನು ಕುಡಿಯುತ್ತಿದ್ದದ್ದು ಮಲಗುವ ಮುಂಚಿನ ಒಂದು ಲೋಟ.

ಇನ್ನೂ ಅಳತೆ ಆಗಿಲ್ಲ, ಅಳೆಯದೆ ಏನನ್ನೂ ಹೇಳಬಾರದು. ಲ್ಯಾಬಿನಲ್ಲಿ ಮೂವತ್ತು ವರ್ಷ ಕಲಿತದ್ದು ಅದೊಂದೇ. ಎದ್ದ, ತಮ್ಮ ವಿಭಾಗದ ಕಪಾಟಿನಿಂದ ಈ ತಿಂಗಳ ಬಾಟಲಿ ತೆಗೆದುಕೊಂಡು ಹಲ್ಲಿನ ವಿಭಾಗದ ಕಡೆ ನಡೆದ. ಮನಸ್ಸು ಮಾತ್ರ, ದೇವರೇ ಕಡಿಮೆ ಬರಲಿ, ಕಡಿಮೆ ಬರಲಿ, ಎಂದು ಜಪ ಮಾಡುತ್ತಿತ್ತು.

ಹಲ್ಲಿನ ಡಾಕ್ಟರಮ್ಮ ಕಂಪ್ಯೂಟರಿನ ಮುಂದೆ ಕೂತು ನಾಳೆಯ ಭಾಷಣ ತಿದ್ದುತ್ತಿದ್ದರು. "ಏನ್ ಬಾಟ್ಲಣ್ಣ, ನನ್ನ ಪೋಸ್ಟರು ನೇರವಾಗಿ ಹೊಡೆದ್ರಿ ತಾನೆ?" ಎಂದು ತಮಾಷೆ ಮಾಡಿದರು.

"ಹೊಡೆದೆ ಡಾಕ್ಟರಮ್ಮ. ಈ ನೀರಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಒಂಚೂರು ನೋಡಿ ಕೊಡಿ. ಈಗಲೇ."

ಅವನ ಮುಖ ನೋಡಿ ಅವರು ಎದ್ದರು. ಬೀಕರಿಗೆ ಅಳತೆ ಹಾಕಿ ನೀರು ಸುರಿಯುವಾಗ ಇವನು ಮೇಜಿನ ಮೇಲೂ ಚೆಲ್ಲಿದ. ಮೂವತ್ತು ವರ್ಷದಲ್ಲಿ ಮೊದಲ ಸಲ. ಡಾಕ್ಟರಮ್ಮ ಪೆನ್ನಿನಂಥ ಕಡ್ಡಿಯೊಂದನ್ನು ನೀರಿಗೆ ಇಳಿಬಿಟ್ಟರು. ಮೀಟರಿನ ಅಂಕಿ ಏರುತ್ತ ಹೋಯಿತು. ಒಂದು ದಾಟಿತು. ಒಂದೂವರೆ ದಾಟಿತು. ಎರಡು, ಮೂರು. ಇವನು ಅದು ನಿಲ್ಲಲಿ ಎಂದು ಅಂಕಿಯನ್ನೇ ದಿಟ್ಟಿಸುತ್ತಿದ್ದ. ಆರು ಪಾಯಿಂಟ್ ಎರಡಕ್ಕೆ ಬಂದು ನಿಂತಿತು.

"ಒಂದೂವರೆ ಮೇಲೆ ಹೋಗ್ಬಾರ್ದು," ಎಂದರು ಡಾಕ್ಟರಮ್ಮ. "ಇದು ಯಾವ ಜಾಗದ್ದು? ಇದನ್ನ ಯಾರೂ ಕುಡೀತಿಲ್ಲ ತಾನೆ?"

ಬಾಟ್ಲಣ್ಣ ಬಾಟಲಿಯನ್ನು ತಿರುಗಿಸಿ ಚೀಟಿ ತೋರಿಸಿದ. ಅವನದೇ ದುಂಡು ಅಕ್ಷರ: ಹೋಲಿಕೆ ನೀರು, ಮನೆ.

ಡಾಕ್ಟರಮ್ಮ ಚೀಟಿ ನೋಡಿದರು, ಅವನನ್ನು ನೋಡಿದರು. "ಬಡಾವಣೆ ಮೂರಾ?" ಎಂದು ಮೆಲ್ಲಗೆ ಕೇಳಿದರು. ಅವನು ತಲೆಯಾಡಿಸಿದ. "ನಾನು ನಲ್ಲಿ ನೀರು ಪರೀಕ್ಷೆ ಮಾಡಿದೆ ಬಾಟ್ಲಣ್ಣ. ಎಲ್ಲರ ಮನೇಲೂ ನಲ್ಲಿ ಇತ್ತು. ನೀವು ಕುಡಿಯೋದು ನಲ್ಲಿ ನೀರನ್ನೇನಾ ಅಂತ ಯಾರನ್ನೂ ಕೇಳ್ಲೇ ಇಲ್ಲ," ಎಂದು ಕುರ್ಚಿಯಲ್ಲಿ ಕೂತುಬಿಟ್ಟರು.

ಇತ್ತೀಚೆಗೆ ಕೆಟ್ಟಿರಬಹುದು ಎಂಬ ಒಂದು ಆಸೆ ಉಳಿದಿತ್ತು. ಹುಲ್ಲುಕಡ್ಡಿಯ ಆಸೆ. ರಸಾಯನಶಾಸ್ತ್ರದ ಉಗ್ರಾಣದಲ್ಲಿ ವರ್ಷಕ್ಕೊಂದರಂತೆ ಹದಿನೆಂಟು ಹೋಲಿಕೆ ಬಾಟಲಿ ಮೊಹರು ಹಾಕಿ ಇಟ್ಟಿದ್ದರು. ಓಡಿಹೋಗಿ ಮೊದಲ ವರ್ಷದ್ದನ್ನು ತಂದ. ಮೀಟರು ಆರರಲ್ಲಿ ನಿಂತಿತು. ಅದಕ್ಕೂ ಇವನೇ ಚೀಟಿ ಅಂಟಿಸಿದ್ದ.

"ಕುದಿಸಿದ್ರೆ ಹೋಗತ್ತಾ ಡಾಕ್ಟರಮ್ಮ? ನಾವೆಲ್ಲ ಕುದಿಸೇ ಕುಡಿಯೋದು. ಬೀದಿಯವರಿಗೂ ಹಂಗೇ ಹೇಳಿದೀನಿ."

"ಕುದಿಸಿದ್ರೆ ನೀರು ಆವಿಯಾಗಿ ಹೋಗತ್ತೆ, ಅದು ಪಾತ್ರೇಲೇ ಉಳ್ಕೊಳತ್ತೆ. ಕಡಿಮೆ ಆಗಲ್ಲ, ಇನ್ನೂ ಜಾಸ್ತಿ ಆಗತ್ತೆ."

"ಆಗಿರೋದು ವಾಸಿ ಆಗತ್ತಾ?"

ಅವರು ಸುಳ್ಳು ಹೇಳಲಿಲ್ಲ. "ಕಲೆ ಬಿದ್ದ ಹಲ್ಲು ಮೊದಲಿನ ಹಂಗೆ ಆಗಲ್ಲ. ಬಿಗಿದ ಮೂಳೆ ಸಡಿಲ ಆಗೋದು ಕಷ್ಟ, ನೋವು ಸ್ವಲ್ಪ ಇಳೀಬಹುದು. ಮನೇಲಿ ಇನ್ನೂ ಹಲ್ಲು ಬರದೇ ಇರೋರು ಯಾರಾದ್ರೂ ಇದ್ರೆ ಅವರನ್ನ ಉಳಿಸ್ಕೊಳ್ಳಿ. ಇವತ್ತಿಂದಲೇ."

ಮನೆಯಲ್ಲಿ ಹತ್ತು ತಿಂಗಳ ಕೂಸು ಇತ್ತು. ಮಗಳು ಅಳಿಯ ಇದ್ದದ್ದು ಇವನ ಮನೆಯ ಮಹಡಿಯಲ್ಲೇ. ಒಂಬತ್ತು ವರ್ಷದ ಮೊಮ್ಮಗಳ ನಂತರ ಹುಟ್ಟಿದ ಎರಡನೆಯದು. ಎದೆಹಾಲು ಸಾಲದೆ ಮಗಳು ಪುಡಿಹಾಲು ಕೊಡುತ್ತಿದ್ದಳು. ಪುಡಿ ಕಲಸುವುದು ಕುದಿಸಿ ಆರಿಸಿದ ನೀರಿನಲ್ಲಿ. ಎರಡು ಸಲ ಕುದಿಸು ಎಂದು ಹೇಳಿಕೊಟ್ಟವನು ತಾತನೇ. ಬಾಟ್ಲಣ್ಣ ಡಾಕ್ಟರಮ್ಮನಿಗೆ ಹೇಳದೆಯೇ ಹೊರಕ್ಕೆ ಓಡಿದ.

ಕಾರಿಡಾರಿನಲ್ಲಿ ತಮ್ಮ ವಿಭಾಗದ ಮುಖ್ಯಸ್ಥರು ಎದುರಾದರು. ಎರಡೂ ಬಾಟಲಿ ಕೈಯಲ್ಲೇ ಇದ್ದವು. ಇವನು ಒಂದೇ ಉಸಿರಿಗೆ ಎಲ್ಲ ಹೇಳಿದ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನಾವು ನೋಡಿದ್ದು ಕಾರ್ಖಾನೆ ಬಿಡೋ ಲೋಹಗಳನ್ನ ಬಾಟ್ಲಣ್ಣ. ಆ ಲೆಕ್ಕದಲ್ಲಿ ನಿಮ್ಮ ನೀರು ಇವತ್ತಿಗೂ ಶುದ್ಧವೇ. ಫ್ಲೋರೈಡು ಆಳದ ಬಂಡೆಯಿಂದ ಬರೋದು, ಅದು ನಮ್ಮ ಪ್ರಶ್ನೆಯೇ ಆಗಿರಲಿಲ್ಲ. ನಮ್ಮ ಯಾವ ಪೇಪರೂ ತಪ್ಪಾಗಲ್ಲ, ನೀವು ಗಾಬರಿ ಆಗಬೇಡಿ."

ಬಾಟ್ಲಣ್ಣ ಅವರ ಮುಖವನ್ನೇ ನೋಡಿದ. ಮೂವತ್ತು ವರ್ಷದಲ್ಲಿ ಸರ್ ಎನ್ನದೆ ಅವರೊಂದಿಗೆ ಮಾತಾಡಿದವನಲ್ಲ. "ನನ್ನ ಮನೆಯವರು ಅದನ್ನ ಕುಡೀತಿದ್ರು," ಎಂದ. ಮುಖ್ಯಸ್ಥರ ಮುಖ ಆಗ ಬಿಳಿಚಿಕೊಂಡಿತು. ಬಾಟಲಿಗೂ ಕುಡಿಯುವ ಬಾಯಿಗೂ ಸಂಬಂಧವಿದೆ ಎಂಬುದು ಅವರಿಗೆ ಆ ಗಳಿಗೆಯಲ್ಲಿ ಹೊಳೆದಿರಬೇಕು. ಅವರು ಏನೋ ಹೇಳಲು ಹೋದರು, ಇವನು ಕೇಳಲು ನಿಲ್ಲಲಿಲ್ಲ.

ಬಸ್ಸು ಇಳಿದು ಓಣಿ ತಿರುಗುವಾಗ ಇನ್ನೂ ಬಿಸಿಲಿತ್ತು. ಗೇಟಿನ ಮುಂದೆ ಎಂದಿನಂತೆ ಆರೇಳು ಜನ ಕ್ಯಾನು ಹಿಡಿದು ನಿಂತಿದ್ದರು. ಎದುರು ಮನೆಯ ಹೊಲಿಗೆಯ ಹೆಂಗಸು ಪಂಪು ಹೊಡೆಯುತ್ತಿದ್ದಳು. ಯಾರೋ "ಇವತ್ತೇನು ಬೇಗ ಬಿಟ್ರಾ ಅಣ್ಣ?" ಎಂದು ಕೇಳಿದರು. ಇವನು ಯಾರನ್ನೂ ನೋಡದೆ ಒಳಕ್ಕೆ ನುಗ್ಗಿ ಅಡುಗೆಮನೆಗೆ ಹೋದ. ಮಗಳು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಾಲಿನ ಬಾಟಲಿ ಕುಲುಕುತ್ತಿದ್ದಳು. ಅದನ್ನು ಅವಳ ಕೈಯಿಂದ ಕಿತ್ತು ಸಿಂಕಿಗೆ ಸುರಿದ. ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನೂ ಸುರಿದ. ಮೂಲೆಯ ಹಂಡೆಯನ್ನು ಬಗ್ಗಿಸಿದ. ಕೂಸು ಹೆದರಿ ಕಿರುಚಿಕೊಂಡಿತು.

"ಅಪ್ಪಾ, ಏನಾಯ್ತು ನಿಮಗೆ? ಮಗು ಹಸ್ಕೊಂಡಿದೆ," ಎಂದಳು ಮಗಳು. ಕಿಟಕಿ ಬಳಿ ದಿಂಬಿನ ಕುರ್ಚಿಯಲ್ಲಿ ಕೂತಿದ್ದ ಹೆಂಡತಿ ಇಡೀ ಮೈ ತಿರುಗಿಸಿ ಇವನ ಕಡೆ ನೋಡಿದಳು. ಆ ತಿರುಗುವುದನ್ನು ದಿನಾ ನೋಡುತ್ತಿದ್ದವನಿಗೆ ಇವತ್ತು ನೋಡಲಾಗಲಿಲ್ಲ. ಅವಳ ಕಾಲ ಬಳಿ ನೆಲದ ಮೇಲೆ ಕೂತು ಹೇಳಿದ. ಮೂರು ಪೋಸ್ಟರು, ಆರು ಪಾಯಿಂಟ್ ಎರಡು, ಬಂಡೆ, ಕುದಿಸುವುದು, ಹಲ್ಲು, ಬೆನ್ನು, ಯಾವುದನ್ನೂ ಬಿಡದೆ ಹೇಳಿದ.

ಮಗಳು ಕೂಸಿನ ಬಾಯಿಗೆ ಬೆರಳು ಹಾಕಿ ಒಸಡು ಸವರಿ ನೋಡುತ್ತಿದ್ದಳು. ಬಾಗಿಲ ಬಳಿ ಪುಸ್ತಕ ಹಿಡಿದು ನಿಂತಿದ್ದ ಮೊಮ್ಮಗಳು ಕೇಳಿದಳು, "ಹಂಗಾದ್ರೆ ನಾನು ಸರಿಯಾಗೇ ಉಜ್ಜುತಿದ್ನಾ ತಾತ?"

"ಸರಿಯಾಗೇ ಉಜ್ಜುತಿದ್ದೆ ಪುಟ್ಟಿ," ಎಂದ. ಅವಳು ತಾಯಿಯ ಕಡೆ ನೋಡಿ, "ನಾನು ಹೇಳಿದ್ದೆ ಅಲ್ವಾ," ಎಂದಳು.

ಹೊರಗೆ ಪಂಪಿನ ಕಿರ್ರು ಕಿರ್ರು ಸದ್ದು ನಿಂತಿರಲಿಲ್ಲ. ಬಾಟ್ಲಣ್ಣ ಎದ್ದು ಅಂಗಳಕ್ಕೆ ಹೋಗಿ ಪಂಪಿನ ಹಿಡಿಯ ಮೇಲೆ ಕೈಯಿಟ್ಟ. "ಇದನ್ನ ಕುಡೀಬೇಡಿ. ಇವತ್ತು ಟೆಸ್ಟ್ ಮಾಡ್ದೆ. ನೀರಲ್ಲಿ ವಿಷ ಇದೆ. ಮಕ್ಕಳ ಹಲ್ಲು, ನಿಮ್ಮ ಬೆನ್ನು, ಎಲ್ಲಾ ಇದರಿಂದಲೇ," ಎಂದ.

ಯಾರೂ ಗಾಬರಿಯಾಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಲಿಗೆಯ ಹೆಂಗಸು ತುಂಬಿದ ಕ್ಯಾನಿನ ಮುಚ್ಚಳ ತಿರುಗಿಸುತ್ತಾ, "ಅಣ್ಣ, ನೀರು ಕೊಡೋಕೆ ಇಷ್ಟ ಇಲ್ಲ ಅಂದ್ರೆ ಬಾಯ್ಬಿಟ್ಟು ಹೇಳಿ, ನಾವೇನೂ ಬೇಜಾರು ಮಾಡ್ಕೊಳ್ಳಲ್ಲ. ವಿಷ ಗಿಷ ಅಂತ ಯಾಕೆ ಕಥೆ ಕಟ್ತೀರಿ?" ಎಂದಳು. ಗೇಟಿನ ಬೋರ್ಡಿನ ಕಡೆ ಗಲ್ಲ ಎತ್ತಿ ತೋರಿಸಿದಳು. "ನೀವೇ ಬರೆದಿದ್ದಲ್ವಾ ಅದು?"

ಹದಿನೆಂಟು ವರ್ಷ ಅವನ ಮಾತನ್ನು ಜನ ನೀರಿನ ಜೊತೆಗೇ ನುಂಗಿದ್ದರು, ಈಗ ಉಗುಳಿರೆಂದರೆ ಉಗುಳುವುದು ಹೇಗೆ?

ಬಾಗಿಲಲ್ಲಿ ಸದ್ದಾಯಿತು. ಅವನ ಹೆಂಡತಿ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಅವಳು ಅಂಗಳಕ್ಕೆ ಇಳಿದು ಎಷ್ಟೋ ತಿಂಗಳಾಗಿತ್ತು. ಎಲ್ಲರೂ ದಾರಿ ಬಿಟ್ಟರು. ಹೊಲಿಗೆಯವಳ ಕ್ಯಾನಿನ ಹತ್ತಿರ ಬಂದು ನಿಂತಳು. ಬಗ್ಗಲು ಬರುವುದಿಲ್ಲವಲ್ಲ, ಪಾದದಿಂದಲೇ ಅದನ್ನು ಒತ್ತಿ ಉರುಳಿಸಿದಳು. ಸಡಿಲವಾಗಿದ್ದ ಮುಚ್ಚಳ ಹಾರಿ ನೀರು ಗಳಗಳನೆ ಹರಿದು ಎಲ್ಲರ ಕಾಲಡಿಗೆ ಬಂತು.

"ನನ್ನ ನೋಡಮ್ಮ," ಎಂದಳು ಹೊಲಿಗೆಯವಳಿಗೆ. "ನಾನು ನೀರು ಹೊರಲಿಲ್ಲ, ಬರೀ ಕುಡಿದೆ. ನಿನಗಿಂತ ಹತ್ತು ವರ್ಷ ಮೊದಲಿಂದ ಕುಡಿದೆ. ನೀನು ಬೆಳಿಗ್ಗೆ ಎದ್ದಾಗ ಕತ್ತು ತಿರುಗತ್ತಾ?"

ಹೊಲಿಗೆಯವಳ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು. ಅಲ್ಲೇ ನಿಂತಿತು. ಸಾಲಿನ ಹಿಂದೆ ನಿಂತಿದ್ದ ಇನ್ನೊಬ್ಬಳು ತನ್ನ ಮಗಳ ಗಲ್ಲ ಹಿಡಿದೆತ್ತಿ ಬಾಯಿ ತೆರೆಸಿ ನೋಡಿದಳು. ಒಬ್ಬೊಬ್ಬರಾಗಿ ಕ್ಯಾನು ಬೋರಲು ಹಾಕಿದರು. ಯಾರೂ ಇವನನ್ನು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು.

ಬಾಟ್ಲಣ್ಣ ಗೇಟಿನ ಬೋರ್ಡು ಕಿತ್ತ. ಪಂಪಿನ ಹಿಡಿ ಬಿಚ್ಚಿ ಒಳಗಿಟ್ಟ. ಆಮೇಲೆ ಹೆಂಡತಿಯ ಪಕ್ಕ ಬಂದು ನಿಂತು, "ಬೈಯೇ, ಏನಾದ್ರೂ ಬೈದುಬಿಡು," ಎಂದ.

ಅವಳು ಮೆಲ್ಲಗೆ ಅವನ ಕಡೆ ತಿರುಗಿದಳು. "ಹದಿನೆಂಟು ವರ್ಷ ನೀರನ್ನ ಬಾಟ್ಲಿಗೆ ತುಂಬ್ಕೊಂಡು ಹೋಗಿ ದೊಡ್ಡೋರ್ಗೆಲ್ಲ ತೋರಿಸಿದ್ರಿ," ಎಂದಳು. "ಮನೇಲಿ ನನ್ನ ಬೆನ್ನು ಇತ್ತು. ಅದನ್ನೂ ಒಂದು ದಿನ ಆ ದೊಡ್ಡೋರ ಹತ್ರ ಕರ್ಕೊಂಡು ಹೋಗಿ ತೋರಿಸ್ಬೇಕು ಅಂತ ಅನ್ನಿಸ್ಲಿಲ್ಲ ನಿಮಗೆ." ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

ಒಳಗೆ ಕೂಸು ಹಸಿವಿಗೆ ಅಳುತ್ತಲೇ ಇತ್ತು. ಬಾಟ್ಲಣ್ಣ ಖಾಲಿ ಹಂಡೆ ಎತ್ತಿಕೊಂಡು ಎದುರು ಮನೆಗೆ ಹೋದ. ಬೀದಿಗೆಲ್ಲ ನೀರು ಕೊಟ್ಟವನು ಮೊದಲ ಸಲ ಇನ್ನೊಬ್ಬರ ಬಾಗಿಲಲ್ಲಿ ಹಂಡೆ ಹಿಡಿದು ನಿಂತ. ಹೊಲಿಗೆಯವಳು ಏನೂ ಕೇಳದೆ ನಲ್ಲಿ ತಿರುಗಿಸಿದಳು. ಮಸುಕು ನೀರು ಸಣ್ಣಗೆ ಬಂತು, ತುಂಬಲು ತುಂಬ ಹೊತ್ತು ಹಿಡಿಯಿತು. ಮಗಳು ಅದನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿ, ಆರಿಸಿ, ಹಾಲು ಕಲಸಿದಳು. ಕೂಸು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗುಟುಕು ಗುಟುಕಾಗಿ ಕುಡಿಯಿತು.

ಉಳಿದದ್ದರಲ್ಲಿ ಒಂದು ಲೋಟ ತುಂಬಿಸಿ ಅವನು ಹೆಂಡತಿಗೆ ತಂದುಕೊಟ್ಟ. ಅವಳಿಗೆ ತಲೆ ಹಿಂದಕ್ಕೆ ವಾಲಿಸಲು ಬರುವುದಿಲ್ಲ. ಲೋಟವನ್ನು ಅವನೇ ತುಟಿಗೆ ಹಿಡಿದ. ಅರ್ಧ ಕುಡಿದು ಅವಳು ಲೋಟವನ್ನು ಕೈಯಿಂದ ಸರಿಸಿದಳು.

"ಹೆಂಗಿದೆ?" ಎಂದು ಕೇಳಿದ.

"ಎರಡೂ ಒಂದೇ ರುಚಿ ಕಣ್ರೀ," ಎಂದಳು. "ಏನೂ ವ್ಯತ್ಯಾಸ ಗೊತ್ತಾಗಲ್ಲ."